ಆಟಿಯಲ್ಲಿ ಅಂತಿಗೊನೆ: ಊರವರನ್ನು ಸೇರಿಸಿ ಹಳೆಯ ನಾಟಕವೊಂದನ್ನು ಕಟ್ಟುವುದು ಹೇಗೆ

ನಾಟಕ ಯಾವುದು ಅನ್ನೋದನ್ನು ಆಮೇಲೆ ನೋಡೋಣ. ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿ.

ಉಡುಪಿ, ಮಂಗಳೂರು ಕಡೆ ಹವ್ಯಾಸಿ ನಾಟಕ ಅಂದ ಕೂಡಲೇ ಎಲ್ಲರೂ ಡಿಸೆಂಬರ್, ಜನವರಿ ಹಿಡಿಯುತ್ತಾರೆ. ಮಳೆ ಇಲ್ಲ, ಬಯಲಲ್ಲೇ ಆಡಬಹುದು ಅಂತ. ಆದರೆ ಬೇರೆ ಬೇರೆ ಜಾತಿ, ಭಾಷೆ, ಕೆಲಸದವರನ್ನು ಒಟ್ಟಿಗೆ ನಿಲ್ಲಿಸುವ ನಾಟಕಕ್ಕೆ ಅದರಷ್ಟು ಕೆಟ್ಟ ಕಾಲ ಬೇರೆ ಇಲ್ಲ. ಯಕ್ಷಗಾನದವರು ತಿರುಗಾಟದಲ್ಲಿ, ಬೋಟಿನವರು ಕಡಲಲ್ಲಿ, ಉಳಿದವರು ದೈವಗಳ ನೇಮ, ಜಾತ್ರೆ, ಉರೂಸ್, ಚರ್ಚಿನ ಹಬ್ಬ, ಮದುವೆ ಅಂತ ಓಡಾಟದಲ್ಲಿ. ರಿಹರ್ಸಲ್‌ಗೆ ಕೊನೆಗೆ ಬರುವವರು ನಾಲ್ಕು ಮಂದಿ ಮೇಷ್ಟ್ರುಗಳು ಮಾತ್ರ.

ಮಳೆಗಾಲವನ್ನೇ ಹಿಡಿಯಿರಿ. ಮೇ ಕೊನೆಯ ವಾರದ ಹೊತ್ತಿಗೆ ಪತ್ತನಾಜೆ, ಅಂದರೆ ತುಳುನಾಡಿನ ಆಟ, ನೇಮಗಳ ಋತು ಮುಗಿಯುವ ದಿನ ಬರುತ್ತದೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆಯ ಹುಡುಗರು ಬಲೆ ಸರಿಮಾಡಿಕೊಂಡು ಊರಲ್ಲೇ ಇರುತ್ತಾರೆ. ಜುಲೈ ಮಧ್ಯಕ್ಕೆ ತುಳುವರ ಆಟಿ ತಿಂಗಳು ಹಿಡಿಯುತ್ತದೆ. ಆಟಿಯಲ್ಲಿ ನಮ್ಮಲ್ಲಿ ಮದುವೆ ಇಲ್ಲ, ಹಾಗಾಗಿ ಹಾಲ್‌ಗಳು ಖಾಲಿ ಬಿದ್ದಿರುತ್ತವೆ, ಬಾಡಿಗೆಯಲ್ಲಿ ಚೌಕಾಸಿಯೂ ಮಾಡಬಹುದು. ಜೂನ್ ಮೊದಲ ವಾರ ಶುರು, ಜುಲೈ ಕೊನೆಯ ವಾರ ಪ್ರದರ್ಶನ. ಒಂದೇ ಎಚ್ಚರಿಕೆ: ಮಳೆಗಾಲದಲ್ಲಿ ಕೆಲವು ಕಲಾವಿದರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆಮನೆಗೆ ಹೋಗುತ್ತಾರೆ. ಅದು ಅವರ ಹೊಟ್ಟೆಪಾಡು. ಅವರ ದಿನ ಕೇಳಿಯೇ ನಿಮ್ಮ ದಿನ ಹಾಕಿ.

ಈಗ ನಾಟಕಕ್ಕೆ ಬರೋಣ.

ವೇಷ ಅಲ್ಲ, ಸಂಬಂಧ ಹುಡುಕಿ

ಹೊರಗಿನ ನಾಟಕವನ್ನು ನಮ್ಮದು ಮಾಡುವುದು ಅಂದರೆ ಶೇಕ್ಸ್‌ಪಿಯರ್‌ಗೆ ಕಿರೀಟ ಕಟ್ಟಿ ಚೆಂಡೆ ಬಾರಿಸುವುದು ಅಂತ ಬಹಳ ಜನ ತಿಳಿದಿದ್ದಾರೆ. ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ ಮ್ಯಾಕ್‌ಬೆತ್ ಅನ್ನು 'ಬರ್ನಂ ವನ' ಅಂತ ಯಕ್ಷಗಾನದ ಶೈಲಿಯಲ್ಲಿ ಆಡಿಸಿದರು, ನಿಜ. ಆದರೆ ಅವರು ಕಾರಂತರು, ಕೈಯಲ್ಲಿದ್ದವರು ಪಳಗಿದ ನಟರು. ನಿಮ್ಮ ಕೈಯಲ್ಲಿರುವುದು ರಿಕ್ಷಾದವರು, ನರ್ಸಿಂಗ್ ಹುಡುಗಿಯರು, ಬೀಡಿ ಕಟ್ಟುವ ಅಕ್ಕಂದಿರು. ವೇಷ ಅವರನ್ನು ಮುಚ್ಚಿಬಿಡುತ್ತದೆ.

ಬದಲಿಗೆ, ಆ ನಾಟಕದ ಜಗಳ ನಮ್ಮ ಮನೆಗಳಲ್ಲಿ ಯಾರ್ಯಾರ ನಡುವೆ ಆಗುತ್ತದೆ ಅಂತ ನೋಡಿ. ನಾನು ಗ್ರೀಕ್ ನಾಟಕಕಾರ ಸೊಫೊಕ್ಲಿಸನ ಅಂತಿಗೊನೆಯನ್ನು ಹಿಡಿದದ್ದು ಇದಕ್ಕೇ. ಕ್ರಿಸ್ತಪೂರ್ವ 441ರ ಸುಮಾರಿಗೆ ಅಥೆನ್ಸಿನಲ್ಲಿ ಆಡಿದ್ದು ಅಂತ ಅಂದಾಜು. ಕತೆ ಚಿಕ್ಕದು. ಇಬ್ಬರು ಅಣ್ಣತಮ್ಮಂದಿರು ಪಟ್ಟಕ್ಕಾಗಿ ಹೊಡೆದಾಡಿ ಇಬ್ಬರೂ ಸಾಯುತ್ತಾರೆ. ಹೊಸ ದೊರೆ ಕ್ರೆಯಾನ್ ಒಬ್ಬನಿಗೆ ಮರ್ಯಾದೆಯ ಸಂಸ್ಕಾರ ಮಾಡಿಸುತ್ತಾನೆ. ಇನ್ನೊಬ್ಬ ಊರ ಮೇಲೆ ದಂಡು ತಂದವನು, ಅವನ ಹೆಣ ನಾಯಿ-ನರಿಗೆ ಇರಲಿ, ಮುಟ್ಟಿದವರಿಗೆ ಸಾವು ಅಂತ ಡಂಗುರ ಹೊಡೆಸುತ್ತಾನೆ. ತಂಗಿ ಅಂತಿಗೊನೆ ಹೋಗಿ ಮಣ್ಣು ಹಾಕುತ್ತಾಳೆ.

ಇಷ್ಟು ಹೇಳಿ, ಆಮೇಲೆ ಸಂಬಂಧ ಹೇಳಿ. ಕ್ರೆಯಾನ್ ಈ ಮಕ್ಕಳ ತಾಯಿಯ ಸೋದರ. ಸೋದರಮಾವ!

ತುಳುನಾಡಿನ ಸಭೆಯಲ್ಲಿ ಈ ಮಾತಿಗೆ ಎಷ್ಟು ತೂಕ ಅಂತ ಬೇರೆ ಹೇಳಬೇಕಾ? ಅಳಿಯಕಟ್ಟಿನ ಮನೆಗಳಲ್ಲಿ ಮಾವನೇ ಯಜಮಾನ, ತಂಗಿಯ ಮಗನೇ ವಾರಸುದಾರ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ಆಸ್ತಿಯ ಲೆಕ್ಕ ಬದಲಾಯಿತು, ಮನಸ್ಸಿನ ಲೆಕ್ಕ ಅಷ್ಟು ಬೇಗ ಬದಲಾಗಿಲ್ಲ. ಇಲ್ಲಿ ಮಾವನ ಪಟ್ಟ ಅಳಿಯನಿಗೆ ಹೋಗುವ ಬದಲು, ಇಬ್ಬರು ಅಳಿಯಂದಿರು ಸತ್ತು ಪಟ್ಟ ಮಾವನಿಗೆ ಬಂದಿದೆ. ಮೇಲಿಂದ ಅಳಿಯನ ಹೆಣಕ್ಕೆ ಮಣ್ಣಿಲ್ಲ. ಮೊದಲ ದಿನ ಇದನ್ನು ಹೇಳಿದಾಗ ಮೊಗವೀರರ ಅಜ್ಜಿಯೊಬ್ಬರು "ಎಂಥ ಮಾವ ಇವನು" ಅಂತ ಎದ್ದು ನಿಂತೇ ಕೇಳಿದರು. ನಾಟಕ ಅರ್ಥ ಮಾಡಿಸುವ ಕೆಲಸ ಅಲ್ಲಿಗೆ ಮುಗಿಯಿತು. ಇನ್ನೊಂದು ಇದೆ. ಕ್ರೆಯಾನನ ಮಗ ಹೈಮನ್‌ಗೆ ಅಂತಿಗೊನೆಯ ಜೊತೆ ಮದುವೆ ನಿಶ್ಚಯ ಆಗಿದೆ. ಅವಳು ಅವನಿಗೆ ಅತ್ತೆ ಮಗಳು. ಮಣಿಪಾಲದಿಂದ ಬಂದ ಪರದೇಶದ ವಿದ್ಯಾರ್ಥಿಗಳಿಗೆ ಈ ನಂಟಸ್ತಿಕೆ ಬೋರ್ಡ್ ಮೇಲೆ ಬರೆದು ತೋರಿಸಬೇಕಾಯಿತು. ನಮ್ಮವರಿಗೆ ಅದು ಹೇಳುವ ವಿಷಯವೇ ಅಲ್ಲ.

ನಿಮಗೆ ಅಂತಿಗೊನೆ ಬೇಡ ಅಂದರೂ ಸರಿ, ದಾರಿ ಇದೇ. ಬಿಎಂಶ್ರೀಯವರು ಸೊಫೊಕ್ಲಿಸನ ಏಯಾಸ್ (ಇಂಗ್ಲಿಷಿನಲ್ಲಿ ಅಜಾಕ್ಸ್) ನಾಟಕವನ್ನು 1929ರಲ್ಲಿ 'ಅಶ್ವತ್ಥಾಮನ್' ಮಾಡಿದರು. ಕುವೆಂಪು 'ರಕ್ತಾಕ್ಷಿ'ಯಲ್ಲಿ ಹ್ಯಾಮ್ಲೆಟ್‌ನ ಕತೆಯನ್ನು ಬಿದನೂರಿಗೆ ತಂದರು. ಇಬ್ಬರೂ ಮೊದಲು ಹುಡುಕಿದ್ದು ಅದೇ ಸಿಟ್ಟು, ಅದೇ ಸಂಕಟ ನಮ್ಮಲ್ಲಿ ಯಾರಿಗೆ ಇತ್ತು ಅನ್ನೋದನ್ನು.

ಮಣ್ಣು ಹಾಕುವ ಸಂಜೆ

ಪಾತ್ರ ಹಂಚುವ ಮೊದಲು ಒಂದು ಸಂಜೆ ಪೂರ್ತಿ ಒಂದೇ ಪ್ರಶ್ನೆಗೆ ಕೊಡಿ: ನಿಮ್ಮ ಮನೆಯಲ್ಲಿ ಸಾವಾದರೆ ಏನು ಮಾಡುತ್ತೀರಿ? ಬಾಯಲ್ಲಿ ಹೇಳುವುದು ಬೇಡ, ಕೈಯಲ್ಲಿ ಮಾಡಿ ತೋರಿಸಲಿ.

ನಮ್ಮಲ್ಲಿ ಮೊದಲು ಎದ್ದವರು ಕೊಂಕಣಿ ಮಾತಾಡುವ ಬಾಯಮ್ಮ ಒಬ್ಬರು. ಸಿಮಿತ್ರಿಯಲ್ಲಿ, ಅಂದರೆ ಚರ್ಚಿನ ಸ್ಮಶಾನದಲ್ಲಿ, ಪೆಟ್ಟಿಗೆ ಇಳಿಸಿದ ಮೇಲೆ ಒಬ್ಬೊಬ್ಬರೇ ಬಂದು ಒಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿಯುವುದನ್ನು ಮಾಡಿ ತೋರಿಸಿದರು. ಬ್ಯಾರಿ (ಕರಾವಳಿಯ ಮುಸ್ಲಿಂ) ಹುಡುಗ ಕುಳಿತು, ಎರಡೂ ಕೈಯಲ್ಲಿ ಮೂರು ಸಲ ಮಣ್ಣು ಹಾಕಿದ. ಅವನ ಪಕ್ಕ ಇದ್ದ ಹುಡುಗಿ, "ನಾನು ಇದನ್ನು ನೋಡಿಯೇ ಇಲ್ಲ, ನಮ್ಮ ಮನೆ ಹೆಂಗಸರು ಅಲ್ಲಿಗೆ ಹೋಗುವುದಿಲ್ಲ" ಅಂದಳು. ಬೋಟಿನವರ ಮನೆಯ ಅಕ್ಕ, "ನಮ್ಮಲ್ಲೂ ಇಲ್ಲ, ನಾವು ಮನೆಯಲ್ಲೇ ಬಾಯಿಗೆ ನೀರು ಬಿಡುವುದು, ಅಷ್ಟೇ" ಅಂದರು. ಅಂತಿಗೊನೆ ಹೆಂಗಸಾಗಿ ಒಬ್ಬಳೇ ಹೋಗಿ ಮಣ್ಣು ಹಾಕಿದ್ದು ಎಷ್ಟು ದೊಡ್ಡ ಕೆಲಸ ಅಂತ ಆ ಇಬ್ಬರಿಗೆ ನಾನು ಹೇಳಬೇಕಾಗಲಿಲ್ಲ.

ಮೂಲದಲ್ಲಿ ಕಾವಲುಗಾರ ಹೇಳುವ ಮಾತೊಂದಿದೆ. ಅವಳು ಒಣ ಮಣ್ಣು ತಂದು ಹಾಕಿದಳು, ಕಂಚಿನ ಪಾತ್ರೆಯಿಂದ ಮೂರು ಸಲ ಎರೆದಳು ಅಂತ. ನಮ್ಮ ಅಂತಿಗೊನೆ ಕೈಯಲ್ಲಿ ಕಂಚಿನ ಗಿಂಡಿ ಬಂತು, ಮೂರು ಹಿಡಿ ಮಣ್ಣು ಬಂತು. ಯಾರ ಪದ್ಧತಿಯೂ ಪೂರ್ತಿ ಅಲ್ಲ, ಯಾರಿಗೂ ಹೊರಗಿನದ್ದೂ ಅಲ್ಲ.

ಒಂದು ಕೆಲಸದ ಮಾತು: ಜುಲೈಯಲ್ಲಿ ನಮ್ಮ ಕಡೆ ಒಣ ಮಣ್ಣು ಸಿಗುವುದಿಲ್ಲ. ಮೇ ತಿಂಗಳಲ್ಲೇ ಒಂದು ಗೋಣಿ ಮಣ್ಣು ಜರಡಿ ಹಿಡಿದು ಅಟ್ಟದಲ್ಲಿಡಿ. ವೇದಿಕೆ ಮೇಲೆ ಟಾರ್ಪಾಲು ಹಾಸಿ, ಇಲ್ಲದಿದ್ದರೆ ಕೆಂಪು ಮಣ್ಣಿನ ಕಲೆ ನೋಡಿ ಹಾಲ್‌ನವರು ಮುಂದಿನ ವರ್ಷ ಬಾಗಿಲು ತೆಗೆಯುವುದಿಲ್ಲ.

ಇನ್ನೊಂದು ಕಡೆ ಕಟ್ಟುನಿಟ್ಟಾಗಿರಿ. ಟೈರೀಸಿಯಸ್ ಅನ್ನುವ ಕುರುಡ ಜ್ಯೋತಿಷಿ ಬಂದು ದೊರೆಗೆ ಎಚ್ಚರಿಕೆ ಕೊಡುವ ದೃಶ್ಯ ಇದೆ. ಯಾರಾದರೊಬ್ಬರು ಖಂಡಿತ ಹೇಳುತ್ತಾರೆ, "ಇಲ್ಲಿ ದರ್ಶನ ಬರಿಸೋಣ, ದೈವ ನುಡಿ ಕೊಡಲಿ, ಸಭೆ ಎದ್ದು ನಿಲ್ತದೆ" ಅಂತ. ಬೇಡ. ಅದು ಜನ ನಂಬಿ ಕೈಮುಗಿಯುವ ಆರಾಧನೆ, ನಿಮ್ಮ ಸೀನಿಗೆ ಖಾರ ಹಾಕಲು ಇರುವುದಲ್ಲ. ಟೈರೀಸಿಯಸ್ ಒಂದು ಕೋಲು ಹಿಡಿದು, ಸಣ್ಣ ಹುಡುಗನ ಹೆಗಲ ಮೇಲೆ ಕೈ ಇಟ್ಟು ಬರಲಿ. ಮೂಲದಲ್ಲೂ ಹಾಗೇ ಬರುತ್ತಾನೆ. ಸಾಕು.

ಆಟಿಗೂ ಈ ನಾಟಕಕ್ಕೂ ಇರುವ ನಂಟು ನನಗೆ ಹೊಳೆದದ್ದಲ್ಲ, ಗುಂಪಿನವರೇ ಹೇಳಿದ್ದು. ಆಟಿಯಲ್ಲಿ ತೀರಿಹೋದವರಿಗೆ ಬಡಿಸುತ್ತೇವೆ. ಮದುವೆ ಆಗದೆ ಸತ್ತವರಿಗೆ ಪ್ರೇತ ಮದುವೆ ಮಾಡಿಸುವವರೂ ಇದ್ದಾರೆ. ನಾಟಕದ ಕೊನೆಗೆ ದೂತ ಬಂದು, ಕ್ರೆಯಾನ್ ಜೀವಂತ ಮುಚ್ಚಿಸಿದ್ದ ಗುಹೆಯೊಳಗೆ ಅಂತಿಗೊನೆ ನೇಣು ಹಾಕಿಕೊಂಡಿದ್ದಳು, ಹೈಮನ್ ಅವಳನ್ನು ತಬ್ಬಿಕೊಂಡೇ ಸತ್ತ, ಅವರ ಮದುವೆ ಸತ್ತವರ ಲೋಕದಲ್ಲಿ ಆಯಿತು ಅಂತ ಹೇಳುತ್ತಾನೆ. ಬೇರೆ ಕಡೆ ಇದು ಕವಿಯ ಮಾತು. ನಮ್ಮಲ್ಲಿ ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಹಿಡಿಯುತ್ತಾರೆ. ಆ ಮಾತನ್ನು ನಿಧಾನ ಹೇಳಿಸಿ. ಹಿನ್ನೆಲೆ ಸಂಗೀತ ಹಾಕಬೇಡಿ.

ಪುಸ್ತಕ, ಹಕ್ಕು, ದುಡ್ಡು

ಸೊಫೊಕ್ಲಿಸನಿಗೆ ಯಾರೂ ಹಣ ಕೊಡಬೇಕಾಗಿಲ್ಲ. ಆದರೆ ಅನುವಾದಕ್ಕೆ ಬೇರೆಯೇ ಹಕ್ಕು ಇರುತ್ತದೆ, ನಮ್ಮ ದೇಶದಲ್ಲಿ ಅದು ಬರೆದವರು ತೀರಿಕೊಂಡ ಮೇಲೆ 60 ವರ್ಷ. ಕನ್ನಡದಲ್ಲಿ ಲಂಕೇಶರ ಅನುವಾದ ಇದೆ. ಅವರು ಹೋದದ್ದು 2000ದಲ್ಲಿ, ಹಾಗಾಗಿ ಹಕ್ಕು ಇನ್ನೂ ಜೀವಂತ. ಹವ್ಯಾಸಿ ಸಂಘ ಟಿಕೆಟ್ ಇಡದೆ ಆಡಿದರೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಆದರೂ ಒಂದು ಪತ್ರ ಬರೆದು ಕೇಳುವುದು ಮರ್ಯಾದೆ. ಟಿಕೆಟ್ ಇಟ್ಟರಂತೂ ಕೇಳಲೇಬೇಕು. ನೀವೇ ಪಠ್ಯ ಕಟ್ಟುವುದಾದರೆ ರಿಚರ್ಡ್ ಜೆಬ್ ಅವರ ಇಂಗ್ಲಿಷ್ ಅನುವಾದ ಹಿಡಿಯಿರಿ. ಅವರು 1905ರಲ್ಲೇ ತೀರಿಕೊಂಡವರು, ಹಕ್ಕಿನ ತಲೆನೋವಿಲ್ಲ. ಇಂಗ್ಲಿಷ್ ಹಳೆಯದು, ಆದರೆ ಅರ್ಥ ಗಟ್ಟಿ.

ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವಳು, ಹಾಗಾಗಿ ದುಡ್ಡಿನ ವಿಷಯದಲ್ಲಿ ಸ್ವಲ್ಪ ಹಟ ಜಾಸ್ತಿ. ಲೆಕ್ಕದ ಪುಸ್ತಕಕ್ಕೆ ನೂಲು ಕಟ್ಟಿ ರಿಹರ್ಸಲ್ ಹಾಲಿನ ಕಿಟಕಿಗೆ ನೇತುಹಾಕಿ. ಚಾ, ಬಾಡಿಗೆ, ಬಸ್ ಚಾರ್ಜು, ಎಲ್ಲ ಅದರಲ್ಲಿರಲಿ. ಯಾರು ಬೇಕಾದರೂ ಓದಲಿ. ನಾಲ್ಕು ಸಮುದಾಯದವರು ಸೇರಿದ ಕಡೆ "ಹಣ ಎಲ್ಲಿ ಹೋಯಿತು" ಅನ್ನುವ ಒಂದು ಗುಸುಗುಸು ಸಾಕು, ಗುಂಪು ಒಡೆಯಲು. ದುಡಿಯಲು ಹೋಗುವ ಸಂಜೆ ಬಿಟ್ಟು ಬರುವ ಚೆಂಡೆ, ಮದ್ದಳೆಯವರಿಗೆ ಸಂಭಾವನೆ ಮೊದಲು, ಬ್ಯಾನರ್ ಆಮೇಲೆ.

ಯಾರು ಯಾವ ಭಾಷೆ

ಗ್ರೀಕ್ ನಾಟಕದ ಒಂದು ಅನುಕೂಲ ಕೇಳಿ. ಸೊಫೊಕ್ಲಿಸನ ಕಾಲದಲ್ಲಿ ಮಾತಿನ ಪಾತ್ರಗಳನ್ನೆಲ್ಲ ಮೂರೇ ನಟರು ಮಾಡುತ್ತಿದ್ದರು. ಮೇಳದಲ್ಲಿ, ಅಂದರೆ ಒಟ್ಟಿಗೆ ಹಾಡಿ ಕುಣಿಯುವ ಕೋರಸ್‌ನಲ್ಲಿ, 15 ಜನ. ಆ 15 ಜನ ವೃತ್ತಿ ನಟರಲ್ಲ, ಊರಿನ ಸಾಮಾನ್ಯ ನಾಗರಿಕರು. ಸಮುದಾಯ ನಾಟಕಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಬೇಕಾ? ದಿನಾ ಬರಲು ಆಗುವವರಿಗೆ ಪಾತ್ರ ಕೊಡಿ. ಪಾಳಿ ಕೆಲಸದವರು, ಮಗು ಇರುವವರು, ಕೊನೆಯ ಬಸ್ಸಿಗೆ ಓಡುವವರು ಮೇಳದಲ್ಲಿರಲಿ. ಮೇಳದಲ್ಲಿ ಇಬ್ಬರು ತಪ್ಪಿದರೂ ನಾಟಕ ನಿಲ್ಲುವುದಿಲ್ಲ. ಆಡಿಷನ್ ಮಾಡಲೇಬೇಡಿ. ಆಡಿಷನ್ ಅಂದ ಕೂಡಲೇ ಬರುವವರು ಕಾಲೇಜಿನವರು ಮಾತ್ರ.

ಭಾಷೆಗೆ ನಮ್ಮ ದಾರಿ ಹೀಗೆ. ಕ್ರೆಯಾನ್ ದರ್ಬಾರಿನಲ್ಲಿ ಕನ್ನಡ, ಪುಸ್ತಕದ ಕನ್ನಡ. ಅಂತಿಗೊನೆ, ಇಸ್ಮೆನೆ, ಈ ಅಕ್ಕತಂಗಿಯರು ತುಳು. ಮಾವನ ಎದುರು ನಿಂತಾಗಲೂ ಅಂತಿಗೊನೆ ತುಳು ಬಿಡುವುದಿಲ್ಲ, ಅವನನ್ನು 'ತಮ್ಮಲೆ' (ಸೋದರಮಾವ) ಅಂತಲೇ ಕರೆಯುತ್ತಾಳೆ, ಅವನು ಕನ್ನಡ ಬಿಡುವುದಿಲ್ಲ. ಜಗಳ ಅಲ್ಲೇ ಕೇಳಿಸುತ್ತದೆ. ಟೈರೀಸಿಯಸ್ ಕೊಂಕಣಿ. ಮೇಳ ಎಲ್ಲವೂ. ಮುಖ್ಯ ಮಾತನ್ನು ಮೇಳದ ಒಬ್ಬರು ಇನ್ನೊಂದು ಭಾಷೆಯಲ್ಲಿ ಪ್ರಶ್ನೆ ಮಾಡಿ ಹಿಡಿದುಕೊಳ್ಳಲಿ, ಆಗ ಅರ್ಥ ಎರಡು ಸಲ ದಾಟುತ್ತದೆ. ಪರದೆ ಮೇಲೆ ಅಕ್ಷರ ಹಾಕಬೇಡಿ, ಜನ ನಟರನ್ನು ಬಿಟ್ಟು ಅದನ್ನೇ ಓದುತ್ತಾರೆ.

ಮಾತು ಬರೆಯುವ ಕೆಲಸವನ್ನು ಒಬ್ಬ ಸಾಹಿತಿಗೆ ವಹಿಸಬೇಡಿ. ಕನ್ನಡದಲ್ಲಿ ಅರ್ಥ ಓದಿ ಹೇಳಿ, ಹಾಳೆ ಮಡಚಿಡಿ, ಅವರ ಬಾಯಲ್ಲಿ ಬಂದದ್ದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ. ಮರುದಿನ ಅದನ್ನೇ ಬರೆದು ಕೊಡಿ. ತುಳು, ಕೊಂಕಣಿ, ಬ್ಯಾರಿ ಮೂರನ್ನೂ ನಮ್ಮಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುವುದರಿಂದ ಒಂದೇ ಪ್ರತಿ ಎಲ್ಲರಿಗೂ ಸಾಕು. ಕಷ್ಟದ ಶಬ್ದಕ್ಕೆ ಮಂಗಳೂರಿನಲ್ಲೇ ಮೂರೂ ಭಾಷೆಯ ಅಕಾಡೆಮಿಗಳಿವೆ, ಹೋಗಿ ಕೇಳಬಹುದು.

ನಗುವಿನ ಪಾತ್ರ ಯಾರಿಗೆ ಅನ್ನೋದು ದೊಡ್ಡ ಪ್ರಶ್ನೆ. ನಾಟಕದಲ್ಲಿ ಒಬ್ಬ ಕಾವಲುಗಾರ ಇದ್ದಾನೆ. ಹೆಣಕ್ಕೆ ಮಣ್ಣು ಬಿದ್ದ ಸುದ್ದಿ ದೊರೆಗೆ ಯಾರು ಹೇಳುವುದು ಅಂತ ಚೀಟಿ ಎತ್ತಿ, ಇವನ ಹೆಸರು ಬಂದು, ನಡುಗುತ್ತಾ ಬಂದವನು. "ಯಾನತ್ತ್ ಮಾರಾಯ್ರೆ, ಯಾನತ್ತ್!" (ನಾನಲ್ಲ ಮಾರಾಯ್ರೆ, ನಾನಲ್ಲ!) ಅಂತ ಶುರು ಮಾಡಿದರೆ ಸಭೆ ಬಿದ್ದು ನಗುತ್ತದೆ. ಇದನ್ನು ತುಳುವಿನವರಿಗೇ ಕೊಡಿ. ನಮ್ಮ ಕಡೆ ಹಾಸ್ಯ ಬೇಕಾದಾಗೆಲ್ಲ ಘಟ್ಟದ ಮೇಲಿನ ಮಾತು ತರುವ ಒಂದು ಕೆಟ್ಟ ಚಟ ಇದೆ. ಕೂಲಿಗೆ ಬಂದವರ ಮಾತು ಅಂದರೆ ನಗು ಅಂತ. ಗುಂಪಿಗೆ ಹೊಸಬರು ಬಂದಾಗ ಅವರ ಭಾಷೆಗೆ ನಗುವ ಪಾತ್ರ ಬೇಡವೇ ಬೇಡ.

ನಮ್ಮ ಹೈಮನ್ ಬಾಗಲಕೋಟೆ ಕಡೆಯ ಹುಡುಗ, ಸೆಂಟ್ರಿಂಗ್ ಕೆಲಸದವನು. ಊರ ಜಾತ್ರೆಯ ನಾಟಕಗಳಲ್ಲಿ ಹಾರ್ಮೋನಿಯಂ ಮುಂದೆ ನಿಂತು ಹಾಡಿದವನು, ಸ್ಟೇಜ್ ಅಂದರೆ ನಮ್ಮೆಲ್ಲರಿಗಿಂತ ಧೈರ್ಯ. ಅಪ್ಪನ ಹತ್ತಿರ ವಾದಿಸುವ ಜಾಗದಲ್ಲಿ ಅವನದ್ದೇ ಕನ್ನಡ ಇಟ್ಟೆವು. ಮೊದಲ ಸಾಲಿಗೆ ನಾಲ್ಕು ಜನ ನಗುತ್ತಾರೆ, ನಾಲ್ಕನೇ ಸಾಲಿಗೆ ಹಾಲ್ ಸುಮ್ಮನಾಗುತ್ತದೆ. ಆ ವಾದದಲ್ಲಿ ಸೊಫೊಕ್ಲಿಸ್ ಬರೆದ ಎರಡು ಮಾತಿವೆ: ನೆರೆ ಬಂದಾಗ ಬಾಗಿದ ಮರ ಉಳಿಯುತ್ತದೆ, ಸೆಟೆದು ನಿಂತದ್ದು ಬುಡ ಸಮೇತ ಹೋಗುತ್ತದೆ. ಹಾಯಿಯ ಹಗ್ಗ ಬಿಗಿ ಹಿಡಿದು ಸಡಿಲ ಬಿಡದವನ ಹಡಗು ಮಗುಚುತ್ತದೆ. ಬಾಗಲಕೋಟೆಯವನಿಗೆ ಹಾಯಿ ಗೊತ್ತಿಲ್ಲ. ಕೈ ಹೇಗಿರಬೇಕು ಅಂತ ಮಲ್ಪೆಯ ಹಿರಿಯರೊಬ್ಬರು ಅರ್ಧ ಗಂಟೆ ಕೂತು ತೋರಿಸಿದರು, ಹಗ್ಗ ಎಳೆಯುವುದಲ್ಲ, ಕೊಡುವುದು ಮುಖ್ಯ ಅಂತ. ಬೇರೆ ಬೇರೆ ಜನ ಸೇರಿ ನಾಟಕ ಮಾಡುವುದರಲ್ಲಿ ನನಗೆ ಬೇಕಾದದ್ದು ಆ ಅರ್ಧ ಗಂಟೆ. ವೇದಿಕೆ ಮೇಲೆ 'ನಾವೆಲ್ಲ ಒಂದು' ಅಂತ ಕೈ ಕೈ ಹಿಡಿದು ಹಾಡುವ ಫಿನಾಲೆ ದಯವಿಟ್ಟು ಬೇಡ.

ಜಾಗ, ಊಟ, ಮಳೆ

ಭಜನಾ ಮಂದಿರ, ಚರ್ಚ್ ಹಾಲ್, ಮದರಸ, ಯಾರು ಪ್ರೀತಿಯಿಂದ ಕೊಟ್ಟರೂ ರಿಹರ್ಸಲ್‌ಗೆ ತೆಗೆದುಕೊಳ್ಳಬೇಡಿ. ಕೆಲವರು ಹೊಸಿಲ ಹೊರಗೇ ನಿಲ್ಲುತ್ತಾರೆ, ಕಾರಣ ಹೇಳುವುದೂ ಇಲ್ಲ. ಸರಕಾರಿ ಶಾಲೆ ಒಳ್ಳೆಯದು. ಹೆಡ್‌ಮಾಸ್ಟರ್ ಮತ್ತು ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಸಮಿತಿಗೆ) ಅರ್ಜಿ ಕೊಡಿ, ಬೆಂಚು ಮೊದಲಿದ್ದ ಹಾಗೆ ಜೋಡಿಸಿಡುತ್ತೇವೆ ಅಂತ ಬರೆದು ಕೊಡಿ, ಹಾಗೇ ಮಾಡಿ. ಶುಕ್ರವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಬಿಡಿ. ತಿಂಡಿಗೆ ಸಜ್ಜಿಗೆ ಬಜಿಲ್, ಬನ್ಸ್, ಗೋಳಿಬಜೆ. ಯಾರೂ ಬೇಡ ಅನ್ನುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಬನ್ನಿ ಅಂತ ಹೇಳಿ, ಆಗಲೇ ಅಮ್ಮಂದಿರು ಬರುವುದು.

ಶೀಟಿನ ಮಾಡು ಇದ್ದರೆ ಜೋರು ಮಳೆಗೆ ಒಂದಕ್ಷರ ಕೇಳುವುದಿಲ್ಲ. ಆ ಹೊತ್ತಿಗೆ ಬೇರೆ ಕೆಲಸ ಇಟ್ಟುಕೊಳ್ಳಿ: ನಡಿಗೆ, ಸಾಲು ಬದಲಾಯಿಸುವುದು, ಹೆಣ ಎತ್ತುವುದು. ಪ್ರದರ್ಶನಕ್ಕೆ ಮಾತ್ರ ಆರ್‌ಸಿಸಿ ಹಾಲ್ ಬೇಕೇ ಬೇಕು. ಉಡುಪಿಯಲ್ಲಿ ಎಂಜಿಎಂ ಕಾಲೇಜಿನ ಸಭಾಂಗಣ, ಮಂಗಳೂರಿನಲ್ಲಿ ಡಾನ್ ಬಾಸ್ಕೋ ಹಾಲ್, ಎರಡೂ ಕಡೆ ನಾಟಕ ನೋಡಿ ರೂಢಿಯಾದ ಜನ ಬರುತ್ತಾರೆ. ಹೊಸಬರು ಬರಬೇಕು ಅಂದರೆ ನಿಮ್ಮ ಊರ ಮದುವೆ ಹಾಲೇ ವಾಸಿ.

ಸಂಗೀತಕ್ಕೆ ಯಕ್ಷಗಾನದ ಚೆಂಡೆ, ಕೊಂಕಣಿಯವರ ಗುಮಟ್, ಬ್ಯಾರಿಗಳ ದಫ್, ಮೂರೂ ವಾದ್ಯಗಳನ್ನು ಒಟ್ಟಿಗೆ ಬಾರಿಸುವ ಆಸೆ ಎಲ್ಲರಿಗೂ ಬರುತ್ತದೆ. ಒಳಾಂಗಣದಲ್ಲಿ ಚೆಂಡೆ ಶುರುವಾದರೆ ಬೇರೇನೂ ಕೇಳುವುದಿಲ್ಲ. ಒಂದೊಂದಕ್ಕೆ ಒಂದೊಂದು ಜಾಗ ಕೊಡಿ. ಚೆಂಡೆ ಡಂಗುರಕ್ಕೆ ಮಾತ್ರ, ದಫ್ ಮೇಳದ ಹಾಡಿಗೆ, ಗುಮಟ್ ಅಂತಿಗೊನೆಯನ್ನು ಗುಹೆಗೆ ಕರೆದೊಯ್ಯುವಾಗ, ಮದುವೆಯ ತಾಳದಲ್ಲಿ. ಒಬ್ಬ ಭಾಗವತರು ಬದಿಯಲ್ಲಿ ಕೂತಿರಲಿ. ಯಾರಾದರೂ ಮಾತು ಮರೆತು ನಿಂತರೆ ಅವರು ಎರಡು ಸಾಲು ಹಾಡಿ ಮುಂದಿನ ಮಾತಿಗೆ ಎತ್ತಿಕೊಡುತ್ತಾರೆ. ಬದಿಯಿಂದ ಪ್ರಾಂಪ್ಟ್ ಮಾಡುವ ಪಿಸುಮಾತಿಗಿಂತ ಇದು ಎಷ್ಟೋ ಚೆಂದ.

ಸಂಜೆ ಆರೂವರೆಗೆ ಅಂದರೆ ಆರೂವರೆಗೇ ಪರದೆ ಎಳೆಯಿರಿ. ಪೂರ್ತಿ ಪಠ್ಯ ಬೇಡ, ಮೇಳಗೀತಗಳಲ್ಲಿ ಮೂರು ಉಳಿಸಿ, ಒಂದೂಕಾಲು ಗಂಟೆಗೆ ಮುಗಿಸಿ. ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯ ಅನುಮತಿ ಮೊದಲೇ ತೆಗೆದಿಡಿ.

ನಾಟಕ ಮುಗಿದ ಮೇಲೆ ಸನ್ಮಾನ, ಶಾಲು, ಭಾಷಣ ಇಡಬೇಡಿ. ಚಾ ಕೊಟ್ಟು ಜನರನ್ನು ಅಲ್ಲೇ ಕೂರಿಸಿ. "ಹೇಗಿತ್ತು" ಅಂತ ಕೇಳಿದರೆ ಎಲ್ಲರೂ "ಭಾರೀ ಲಾಯ್ಕ್" ಅಂತ ಹೇಳಿ ಎದ್ದು ಹೋಗುತ್ತಾರೆ. "ಮಾವ ಮಾಡಿದ್ದು ಸರಿಯಾ?" ಅಂತ ಕೇಳಿ. ಊರ ಮೇಲೆ ದಂಡು ತಂದವನಿಗೆ ಮರ್ಯಾದೆ ಯಾಕೆ ಅಂತ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ, ಅವರನ್ನು ತಡೆಯಬೇಡಿ, ಮೈಕು ಅವರಿಗೇ ಕೊಡಿ. ನಮ್ಮಲ್ಲಿ ಕ್ರೆಯಾನ್ ಪಾತ್ರ ಮಾಡಿದವರು ವೇಷ ಬಿಚ್ಚದೆ ಬಂದು ಕೂತು ಮುಕ್ಕಾಲು ಗಂಟೆ ಬೈಗುಳ ತಿಂದರು.

ಎರಡನೇ ಪ್ರದರ್ಶನ ಮಂಗಳೂರಿನಲ್ಲಿ ಇಟ್ಟುಕೊಳ್ಳುವುದಾದರೆ ಜುಲೈ ಒಳಗೇ ಮುಗಿಸಿ. ಆಗಸ್ಟ್‌ನಲ್ಲಿ ಬೋಟ್ ಇಳಿದ ಮೇಲೆ ಮೇಳದ ಅರ್ಧ ಜನ ಕಡಲಲ್ಲಿರುತ್ತಾರೆ, ಫೋನ್ ಕೂಡ ಸಿಗುವುದಿಲ್ಲ.